ಅವ್ವನ ರಿಪೋರ್ಟಿನಲ್ಲಿದ್ದ 78

ಕಳೆದ ವರ್ಷ ಬಾಗಲಕೋಟೆಯ ಪ್ರಯೋಗಾಲಯವೊಂದರಿಂದ ತಂದ ಅವ್ವನ ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಮೂತ್ರಪಿಂಡ ಸೋಸಿ ಹೊರಹಾಕುವ ತ್ಯಾಜ್ಯವಾದ ಕ್ರಿಯಾಟಿನಿನ್ 0.8 ಎಂದೂ ಅದರ ಕೆಳಗಿನ ಸಾಲಿನಲ್ಲಿ ಮೂತ್ರಪಿಂಡದ ಸೋಸುವ ಶಕ್ತಿಯನ್ನು ಹೇಳುವ ಇಜಿಎಫ್‌ಆರ್ 78 ಎಂದೂ ಅಚ್ಚಾಗಿತ್ತು. ಎರಡೂ ಸಂಖ್ಯೆಗಳು ಒಂದೇ ಅಚ್ಚಿನಲ್ಲಿ, ಒಂದೇ ಗಾತ್ರದಲ್ಲಿ, ಒಂದರ ಕೆಳಗೊಂದು ಕುಳಿತಿದ್ದವು. ಆದರೆ ಮೊದಲನೆಯದನ್ನು ಯಂತ್ರ ಅಳೆದಿತ್ತು, ಎರಡನೆಯದನ್ನು ಯಾರೂ ಅಳೆದಿರಲಿಲ್ಲ. ಮೂತ್ರಪಿಂಡ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತದೆ ಎಂಬುದನ್ನು ನಿಜವಾಗಿ ಅಳೆಯಬೇಕಾದರೆ ಐಯೋಹೆಕ್ಸಾಲ್‌ನಂತಹ ದ್ರವವನ್ನು ರಕ್ತನಾಳಕ್ಕೆ ಚುಚ್ಚಿ, ಕೆಲವು ಗಂಟೆಗಳವರೆಗೆ ರಕ್ತ ತೆಗೆಯುತ್ತ ಅದು ಎಷ್ಟು ಬೇಗ ಕಡಿಮೆಯಾಗುತ್ತದೆಂದು ನೋಡಬೇಕು. ಅಷ್ಟನ್ನು ಸಾಮಾನ್ಯವಾಗಿ ಯಾರೂ ಮಾಡಿಸುವುದಿಲ್ಲ. ಬದಲಿಗೆ ಕ್ರಿಯಾಟಿನಿನ್, ವಯಸ್ಸು ಮತ್ತು ಲಿಂಗ ಈ ಮೂರನ್ನು 2021ರ ಸಿಕೆಡಿ-ಎಪಿ ಸೂತ್ರಕ್ಕೆ ಹಾಕಿದರೆ, 72 ವರ್ಷದ ಹೆಂಗಸಿಗೆ 78 ಎಂದು ಉತ್ತರ ಬರುತ್ತದೆ.

ನಾನು ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ಇನ್‌ಸ್ಟ್ರುಮೆಂಟೇಶನ್ ವಿಭಾಗದಲ್ಲಿ ಕೆಲಸ ಮಾಡುವವನು. ನೇರವಾಗಿ ಅಳೆಯಲಾಗದ್ದನ್ನು, ಅಳೆಯಲು ಬರುವ ಬೇರೆ ಸಂಗತಿಗಳಿಂದ ಲೆಕ್ಕ ಹಾಕಿ ತೋರಿಸುವ ವ್ಯವಸ್ಥೆಗೆ ನಮ್ಮಲ್ಲಿ ಸಾಫ್ಟ್ ಸೆನ್ಸರ್ ಅಥವಾ ವರ್ಚುವಲ್ ಸೆನ್ಸರ್ ಎನ್ನುತ್ತಾರೆ. ಅವ್ವನ 78 ಕೂಡ ಅಂಥದೇ ಎಂಬುದು ನನಗೆ ಆ ದಿನ ಹೊಳೆಯಲಿಲ್ಲ. "ಕಾಗದದಾಗ ಎಲ್ಲಾ ಚಲೋ ಐತಿ ಅಂತ ಬರದೈತೆಲ್ಲೋ, ಕಾಲು ಒಂದು ನೋಯತೈತಿ ಅಷ್ಟ" ಎಂದಳು ಅವ್ವ. ನಾನೂ ಹೂಂಗುಟ್ಟಿದೆ.

ಸೊಂಟದ ಎಲುಬು ಮುರಿದು ನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದ ಅವ್ವ ಆಗ ಬಹಳ ಸೊರಗಿದ್ದಳು. ಮುಂದೆ ಬೆಳಗಾವಿಯಲ್ಲಿ ಮೂತ್ರಪಿಂಡ ತಜ್ಞರೊಬ್ಬರಿಗೆ ತೋರಿಸಿದಾಗ, ಅವರು ರಿಪೋರ್ಟು ಬಿಡಿಸುವ ಮೊದಲೇ ಅವ್ವನ ರಟ್ಟೆಯನ್ನು ಎರಡು ಬೆರಳುಗಳಲ್ಲಿ ಹಿಡಿದು ನೋಡಿದರು. ಕ್ರಿಯಾಟಿನಿನ್ ಹುಟ್ಟುವುದೇ ಸ್ನಾಯುಗಳಿಂದ. ಸ್ನಾಯು ಕರಗಿದವರ ರಕ್ತದಲ್ಲಿ ಅದು ಮೊದಲೇ ಕಡಿಮೆ ಇರುವುದರಿಂದ, ಮೂತ್ರಪಿಂಡ ದುರ್ಬಲವಾಗಿದ್ದರೂ ಸೂತ್ರ ಚೆನ್ನಾಗಿದೆ ಎಂದೇ ಹೇಳುತ್ತದೆ. ಸ್ನಾಯುವನ್ನು ಅಷ್ಟಾಗಿ ಅವಲಂಬಿಸದ, ಸಿಸ್ಟಾಟಿನ್ ಸಿ ಎಂಬ ಪ್ರೋಟೀನಿನ ಪರೀಕ್ಷೆ ಮಾಡಿಸಿದರೆ ಅದು 1.3 ಬಂತು, ಅದರ ಸೂತ್ರದ ಪ್ರಕಾರ ಇಜಿಎಫ್‌ಆರ್ 49. ಕಾಲುನೋವಿಗೆಂದು ದಿನಕ್ಕೆರಡು ಬಾರಿ ನುಂಗುತ್ತಿದ್ದ, ಮೂತ್ರಪಿಂಡಕ್ಕೆ ಹೊರೆಯಾಗಬಲ್ಲ ನೋವಿನ ಗುಳಿಗೆಯನ್ನು ಅಂದೇ ನಿಲ್ಲಿಸಿದರು. ಸಕ್ಕರೆ ಕಾಯಿಲೆಯ ಔಷಧದ ಪ್ರಮಾಣವನ್ನೂ ಮರುಪರಿಶೀಲಿಸಿದರು.

ಆ ಬಳಿಕ ರೋಗಿಯ ಡಿಜಿಟಲ್ ಅವಳಿ ಎಂಬ ವಿಷಯವನ್ನು ಓದುವಾಗಲೆಲ್ಲ ನನ್ನ ಮನಸ್ಸು ಆ ಎರಡು ಸಾಲುಗಳಿಗೇ ಹೋಗುತ್ತದೆ. ಡಿಜಿಟಲ್ ಅವಳಿ ಎಂದರೆ ಒಬ್ಬ ನಿರ್ದಿಷ್ಟ ರೋಗಿಯ ದೇಹದ ಗಣಿತದ ಮಾದರಿ. ಆ ರೋಗಿಯಿಂದಲೇ ಬರುವ ದತ್ತಾಂಶದ ಆಧಾರದ ಮೇಲೆ ಅದು ತನ್ನನ್ನು ಕಾಲಕಾಲಕ್ಕೆ ತಿದ್ದಿಕೊಳ್ಳುತ್ತ ಹೋಗಬೇಕು, ಇಲ್ಲದಿದ್ದರೆ ಅದು ಬರಿಯ ಚಿತ್ರ. ದತ್ತಾಂಶ ಎಲ್ಲಿಂದ ಬರಬೇಕು? ಹೃದಯದೊಳಗಿನ ಒತ್ತಡವನ್ನೋ ದೇಹವು ಇನ್ಸುಲಿನ್‌ಗೆ ಸ್ಪಂದಿಸುವ ಪ್ರಮಾಣವನ್ನೋ ಮನೆಯಲ್ಲಿ ಕುಳಿತವರಿಂದ ದಿನವಿಡೀ ಅಳೆಯಲಾಗದು. ಆದ್ದರಿಂದ ಈ ಅವಳಿಗೆ ಸಿಗುವ ಸಂಖ್ಯೆಗಳಲ್ಲಿ ಬಹಳಷ್ಟು ವರ್ಚುವಲ್ ಸೆನ್ಸರ್‌ಗಳಿಂದಲೇ ಬರಬೇಕಾಗುತ್ತದೆ. ಇದರಲ್ಲಿ ತಪ್ಪೇನಿಲ್ಲ. ಸಿಟಿ ಸ್ಕ್ಯಾನ್‌ನ ಚಿತ್ರದಿಂದ ಹೃದಯದ ರಕ್ತನಾಳದಲ್ಲಿನ ಹರಿವನ್ನು ಲೆಕ್ಕ ಹಾಕಿ, ಒತ್ತಡ ಅಳೆಯುವ ತಂತಿಯನ್ನು ಒಳಗೆ ತೂರಿಸದೆಯೇ, ನಾಳದ ಕಿರಿದಾದ ಭಾಗ ಹರಿವನ್ನು ಎಷ್ಟು ತಡೆಯುತ್ತಿದೆ ಎಂಬುದರ ಅಳತೆಯಾದ ಎಫ್‌ಎಫ್‌ಆರ್ ಹೇಳುವ ವ್ಯವಸ್ಥೆಗೆ ಅಮೆರಿಕದ ಎಫ್‌ಡಿಎ 2014ರಲ್ಲಿಯೇ ಅನುಮತಿ ನೀಡಿದೆ. ನಮ್ಮ ಹಳ್ಳಿಗಳಿಂದ ಬಸ್ಸು ಹಿಡಿದು ಬೆಳಗಾವಿಗೋ ವಿಜಯಪುರಕ್ಕೋ ಹೋಗುವ ರೋಗಿಗಳಿಗೆ, ಕಡಿಮೆ ಉಪಕರಣಗಳಿಂದ ಹೆಚ್ಚು ತಿಳಿಯುವ ಇಂಥ ದಾರಿಗಳು ಬೇಕೇ ಬೇಕು ಎಂದು ನಾನು ಮನಸಾರೆ ನಂಬಿದ್ದೇನೆ.

ನನ್ನ ಆತಂಕವಿರುವುದು ಬೇರೆಡೆ, ಅದನ್ನು ನನ್ನ ಕೆಲಸದ ಮೂಲಕವೇ ಹೇಳುವುದು ಸುಲಭ. ಕಾರ್ಖಾನೆಯ ಪ್ಯಾನ್‌ನಲ್ಲಿ ಪಾಕ ಕುದಿಯುವಾಗ, ನೀರು ಸಹಜವಾಗಿ ಹಿಡಿದಿಟ್ಟುಕೊಳ್ಳುವುದಕ್ಕಿಂತ ಎಷ್ಟು ಹೆಚ್ಚು ಸಕ್ಕರೆ ಅದರಲ್ಲಿ ಕರಗಿದೆ ಎಂಬುದೇ ಎಲ್ಲಕ್ಕಿಂತ ಮುಖ್ಯ. ಅದು ಕಡಿಮೆಯಾದರೆ ಸಕ್ಕರೆಯ ಕಾಳು ಬೆಳೆಯುವುದಿಲ್ಲ, ಮಿತಿ ಮೀರಿದರೆ ಬೇಡದ ಸಣ್ಣ ಕಾಳು ತಾನಾಗಿ ಹುಟ್ಟಿ ಇಡೀ ಪ್ಯಾನ್ ಕೆಡುತ್ತದೆ. ಪಾಕದ ಉಷ್ಣತೆ ಮತ್ತು ಪ್ಯಾನ್‌ನ ನಿರ್ವಾತವನ್ನು ಅಳೆದು, ಅದೇ ನಿರ್ವಾತದಲ್ಲಿ ಬರಿಯ ನೀರು ಕುದಿಯುವ ಉಷ್ಣತೆಗಿಂತ ಪಾಕ ಎಷ್ಟು ಮೇಲಿದೆ ಎಂಬುದರಿಂದ ನಾವು ಈ ಅಂಶವನ್ನು ಲೆಕ್ಕ ಹಾಕಿ ಪರದೆಯ ಮೇಲೆ ತೋರಿಸುತ್ತೇವೆ. ಹಂಗಾಮಿನ ನಡುವೆ ಅದು ಗಡಿಯಾರದಂತೆ ನಡೆಯುತ್ತದೆ. ಆದರೆ ಸುಟ್ಟ ಕಬ್ಬು ಬಂದ ದಿನ, ಇಲ್ಲವೆ ಕಡಿದ ಕಬ್ಬು ಗಾಡಿಗಳ ಸಾಲಿನಲ್ಲಿ ಎರಡು ಮೂರು ದಿನ ಬಿಸಿಲಿಗೆ ನಿಂತು ಬಂದ ದಿನ, ರಸದ ಶುದ್ಧತೆ ಇಳಿಯುತ್ತದೆ. ಉಷ್ಣತೆಯ ಸೆನ್ಸರ್ ಸರಿಯಾಗಿಯೇ ಇರುತ್ತದೆ, ನಿರ್ವಾತದ ಗೇಜೂ ಸರಿಯಾಗಿಯೇ ಇರುತ್ತದೆ, ಆದರೂ ಲೆಕ್ಕದ ಸಂಖ್ಯೆ ತಪ್ಪುತ್ತದೆ. ನಮ್ಮ ಹಿರಿಯ ಪ್ಯಾನ್‌ಮನ್ ಅಂಥ ಹೊತ್ತಿನಲ್ಲಿ ಪರದೆಯನ್ನು ಅಲ್ಲಗಳೆಯುವುದಿಲ್ಲ. "ಸಾಹೇಬ್ರ, ಅದು ಹೇಳೂದು ಖರೇನ ಇರಬಹುದ್ರಿ, ಒಮ್ಮೆ ಕಾಜಿನ ಮ್ಯಾಲೆ ಹಾಕಿ ನೋಡೂಣು" ಎಂದು, ಪ್ಯಾನ್‌ನಿಂದ ಒಂದಿಷ್ಟು ಪಾಕ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ ಬೆಳಕಿಗೆ ಹಿಡಿಯುತ್ತಾರೆ.

ಅವ್ವನ ವಿಷಯದಲ್ಲಿ ಆದದ್ದೂ ಇದೇ. ಯಂತ್ರ ಕೆಟ್ಟಿರಲಿಲ್ಲ, ಸೂತ್ರವೂ ಕೆಟ್ಟದ್ದಲ್ಲ. ಸೂತ್ರದೊಳಗೆ ಯಾರೂ ಹೇಳದೆ ಅಡಗಿದ್ದ "ಈ ವಯಸ್ಸಿನವರಿಗೆ ಇಷ್ಟು ಸ್ನಾಯು ಇರುತ್ತದೆ" ಎಂಬ ಊಹೆ ಅವಳಿಗೆ ಹೊಂದುತ್ತಿರಲಿಲ್ಲ. ಕಾಯಿಲೆ ದೇಹದಲ್ಲಿ ಮೊದಲು ಬದಲಿಸುವುದೇ ಇಂಥ ಊಹೆಗಳನ್ನು. ಈಗ ಒಂದು ಡಿಜಿಟಲ್ ಅವಳಿಯನ್ನು ಕಲ್ಪಿಸಿಕೊಳ್ಳಿ: ತಿಂಗಳಿಂದ ತಿಂಗಳಿಗೆ ಸ್ನಾಯು ಕರಗಿ ಕ್ರಿಯಾಟಿನಿನ್ ಇಳಿಯುತ್ತಿದ್ದರೆ, ಅದು ಮೂತ್ರಪಿಂಡ ಸುಧಾರಿಸುತ್ತಿದೆ ಎಂದು ಓದಿಕೊಂಡು, ಔಷಧವನ್ನು ಹೆಚ್ಚಿಸಬಹುದೆಂದು ಸಲಹೆ ಕೊಡುತ್ತದೆ.

ಇನ್ನೂ ಸೂಕ್ಷ್ಮವಾದದ್ದು ಸಾಕ್ಷಿಗಳ ಲೆಕ್ಕ. ಎಂಜಿನಿಯರ್ ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ, ಅಪೊಲೊ ನೌಕೆಗಳ ದಾರಿ ಲೆಕ್ಕಕ್ಕೂ ಬಳಕೆಯಾದ ಫಿಲ್ಟರ್ ಎಂಬ ಲೆಕ್ಕದ ವಿಧಾನ ಇಂದಿಗೂ ಇಂಥ ಅಂದಾಜುಗಳ ಬೆನ್ನೆಲುಬು. ಮಾದರಿ ಏನು ನಿರೀಕ್ಷಿಸಿತು, ಸೆನ್ಸರ್ ಏನು ಹೇಳಿತು, ಎರಡರಲ್ಲಿ ಯಾವುದನ್ನು ಎಷ್ಟು ನಂಬಬೇಕು ಎಂದು ಅದು ಪ್ರತಿ ಹೆಜ್ಜೆಯಲ್ಲೂ ತೂಗುತ್ತದೆ. ತೂಗಬೇಕಾದರೆ ಪ್ರತಿ ಸಂಖ್ಯೆಯ ಜೊತೆಗೆ ಅದರ ಅನಿಶ್ಚಿತತೆಯೂ ಬರಬೇಕು. ಕೈಗಡಿಯಾರದ ಒಂದೇ ಬೆಳಕಿನ ಸೆನ್ಸರ್‌ನಿಂದ ನಾಡಿಬಡಿತ, ಉಸಿರಾಟ, ರಕ್ತದೊತ್ತಡ ಮೂರನ್ನೂ ಲೆಕ್ಕ ಹಾಕಿ ಕೊಟ್ಟರೆ, ಅವಳಿಯ ಕಣ್ಣಿಗೆ ಅವು ಮೂರು ಸಾಕ್ಷಿಗಳಂತೆ ಕಾಣುತ್ತವೆ. ಪಟ್ಟಿ ಸಡಿಲವಾದರೆ ಮೂರೂ ಒಟ್ಟಿಗೆ ತಪ್ಪುತ್ತವೆ, ಮತ್ತು ಮೂರೂ ಒಂದೇ ಮಾತು ಹೇಳುತ್ತಿವೆ ಎಂಬ ಕಾರಣಕ್ಕೆ ಅವಳಿಯ ವಿಶ್ವಾಸ ಇನ್ನಷ್ಟು ಹೆಚ್ಚುತ್ತದೆ.

ಬೆಳಕಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಕೊರೊನಾ ಕಾಲದಲ್ಲಿ ಎಲ್ಲರ ಬೆರಳಿಗೂ ಸಿಕ್ಕಿಸಿದ ಆಕ್ಸಿಮೀಟರ್ ಕೂಡ ಆಮ್ಲಜನಕವನ್ನು ನೇರವಾಗಿ ಅಳೆಯುವುದಿಲ್ಲ. ಕೆಂಪು ಮತ್ತು ಅವಕೆಂಪು ಬೆಳಕು ಎಷ್ಟೆಷ್ಟು ಹೀರಲ್ಪಟ್ಟಿತು ಎಂಬುದನ್ನು, ಆರೋಗ್ಯವಂತ ಸ್ವಯಂಸೇವಕರಿಂದ ತಯಾರಿಸಿದ ಕೋಷ್ಟಕಕ್ಕೆ ಹೋಲಿಸಿ ಹೇಳುತ್ತದೆ. 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಆಕ್ಸಿಮೀಟರ್ ಗಮನಿಸದೆ ಬಿಟ್ಟ ಆಮ್ಲಜನಕದ ಕೊರತೆ ಬಿಳಿಯರಿಗಿಂತ ಕಪ್ಪು ಜನಾಂಗದ ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಕಂಡುಬಂತು. ಬಿಸಿಲಿನಲ್ಲಿ ದುಡಿಯುವ ನಮ್ಮ ಕಡೆಯ ಜನರ ಅವಳಿಯನ್ನು ಕಟ್ಟುವವರು ಆ ಕೋಷ್ಟಕ ಯಾರ ಬೆರಳುಗಳಿಂದ ಬಂತು ಎಂದು ಮೊದಲು ಕೇಳಬೇಕು. ಎಚ್‌ಬಿಎ1ಸಿಯಿಂದ, ಅಂದರೆ ಸಕ್ಕರೆ ಅಂಟಿದ ಹಿಮೋಗ್ಲೋಬಿನ್‌ನ ಶೇಕಡಾ ಪ್ರಮಾಣದಿಂದ, ರಕ್ತದ ಸರಾಸರಿ ಸಕ್ಕರೆಯನ್ನು ಹೇಳುವ ಸೂತ್ರದ ಕಥೆಯೂ ಹಾಗೆಯೇ. 7 ಇದ್ದರೆ 154 ಎನ್ನುತ್ತದೆ ಅದು. ಆದರೆ ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇರುವ ಹೆಂಗಸರಲ್ಲಿ ಆ 7 ಎಂಬುದೇ ಇರಬೇಕಾದುದಕ್ಕಿಂತ ಹೆಚ್ಚು ತೋರಿರಬಹುದು.

ನಾನು ಬಯಸುವುದು ದೊಡ್ಡದೇನಲ್ಲ. ಅವಳಿಯೊಳಗೆ ಹೋಗುವ ಪ್ರತಿ ಸಂಖ್ಯೆಯ ಮೇಲೂ ಇದು ಅಳೆದದ್ದು, ಇದು ಅಂದಾಜಿನದು, ಈ ಅಂದಾಜು ಇಂಥ ಊಹೆಯ ಮೇಲೆ ನಿಂತಿದೆ ಎಂಬ ಗುರುತಿರಬೇಕು. ಊಹೆ ಅಲುಗಾಡುವ ಸಂದರ್ಭ ಬಂದಾಗ, ಅಂದರೆ ತೂಕ ಇಳಿದಾಗ, ಎಲುಬು ಮುರಿದಾಗ, ರಕ್ತ ಹೋದಾಗ, ಗಾಜಿನ ಪಟ್ಟಿಯ ಮೇಲೆ ಹಾಕಿ ನೋಡಿ, ಅಂದರೆ ಬೇರೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಿ ಎಂದು ಅವಳಿಯೇ ವೈದ್ಯರನ್ನು ಕೇಳಬೇಕು.

ಸದ್ಯಕ್ಕೆ ಅವ್ವನ ಅವಳಿ ಎಂದರೆ ನಾನು ಗೆರೆ ಎಳೆದ ಒಂದು ನೋಟ್‌ಬುಕ್ಕು. ಯಂತ್ರ ಅಳೆದದ್ದನ್ನು ನೀಲಿ ಶಾಯಿಯಲ್ಲಿ, ಲೆಕ್ಕದಿಂದ ಬಂದದ್ದನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ, ಪಕ್ಕದಲ್ಲಿ ಆ ದಿನದ ಅವಳ ತೂಕ. ಈಗ ಗೋಡೆ ಹಿಡಿಯದೆ ಅಂಗಳದವರೆಗೆ ನಡೆಯುತ್ತಾಳೆ, ಮೂರು ಕಿಲೋ ಹೆಚ್ಚಾಗಿದ್ದಾಳೆ. ಮುಂದಿನ ತಿಂಗಳು ಕ್ರಿಯಾಟಿನಿನ್ ಜೊತೆಗೆ ಸಿಸ್ಟಾಟಿನ್ ಸಿಯನ್ನೂ ಮಾಡಿಸಬೇಕು. 78 ಮತ್ತು 49ರ ಕೆಳಗಿನ ಸಾಲನ್ನು ಅದಕ್ಕಾಗಿ ಖಾಲಿ ಬಿಟ್ಟಿದ್ದೇನೆ.