ಐತವಾರ, ಪಗಾರ ಚೀಟಿ ಮುಂದಿಟ್ಟುಕೊಂಡು

"ಈ ನೌಕರಿ ಸಾಕು" ಅನ್ನಿಸುವುದು ಬಹಳ ಸಲ ಶನಿವಾರ ರಾತ್ರಿ, ಸಾಹೇಬರ ಮೇಲಿನ ಸಿಟ್ಟಿನಲ್ಲಿ. ಲೆಕ್ಕ ಮಾತ್ರ ಐತವಾರ ಮುಂಜಾನೆ ಚಹಾ ಕುಡಿದ ಮೇಲೆ ಹಾಕಬೇಕು. ಪಗಾರ ಚೀಟಿ, ಅಪಾಯಿಂಟ್‌ಮೆಂಟ್ ಲೆಟರ್ ಎರಡೂ ಎದುರಿಗಿರಲಿ.

ಮೊದಲು, ಕೆಲಸಕ್ಕೆ ಸೇರಿದ ತಾರೀಖು ನೋಡಿ. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕಾಯಂ ಆಗಿ 4 ವರ್ಷ 4 ತಿಂಗಳಾಗಿದೆ ಅನ್ನಿ. 5 ವರ್ಷ ತುಂಬಿದರೆ ಗ್ರಾಚ್ಯುಟಿ, ಅಂದರೆ ಬಿಡುವಾಗ ಕಂಪನಿ ಕೊಡುವ ಇಡುಗಂಟು: ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಬೇಕು. ಎರಡೂ ಸೇರಿ ತಿಂಗಳಿಗೆ 18,000 ಇದ್ದರೆ ಸುಮಾರು 51,900 ರೂಪಾಯಿ. ಇವತ್ತೇ ರಾಜೀನಾಮೆ ಬಿಸಾಕಿದರೆ ಅಷ್ಟೂ ಹೋಯಿತು. ಹಾಗಂತ ಹುಡುಕಾಟ ಮುಂದೂಡಬೇಕಿಲ್ಲ. ಸಂದರ್ಶನಗಳಿಗೇ ಮೂರ್ನಾಲ್ಕು ತಿಂಗಳು ಹಿಡಿಯುತ್ತದೆ, ಮೇಲೆ ನೋಟಿಸ್ 60 ಅಥವಾ 90 ದಿನ. ಐದು ವರ್ಷ ತುಂಬುವ ದಿನ ಅಷ್ಟರಲ್ಲಿ ಬಾಗಿಲಿಗೆ ಬಂದಿರುತ್ತದೆ. ಹುಡುಕುವುದು ಬೇರೆ, ಬಿಡುವುದು ಬೇರೆ.

ಹೊಸ ಕಂಪನಿ "ವರ್ಷಕ್ಕೆ 4.8 ಲಕ್ಷ" ಅಂದಾಗ 12ರಿಂದ ಭಾಗಿಸಿ 40,000 ಎಂದು ಹಿಗ್ಗುವವರೇ ಹೆಚ್ಚು. ಮೂಲ ವೇತನ 20,000 ಆದರೆ ತಿಂಗಳಿಗೆ ಪಿಎಫ್ (ಭವಿಷ್ಯ ನಿಧಿ) ನಿಮ್ಮದು, ಕಂಪನಿಯದು ಸೇರಿ 4,800, ಗ್ರಾಚ್ಯುಟಿ ಪಾಲು 962, ವೃತ್ತಿ ತೆರಿಗೆ 200. ಇಷ್ಟು ಕಳೆದರೆ ಕೈಗೆ ಬರುವುದು ಸುಮಾರು 34,000. ಅದರಲ್ಲಿ ಹೈದರಾಬಾದಿನ ಬಾಡಿಗೆ ಕಳೆದು, ಶಹಾಬಾದಿನ ಸ್ವಂತ ಮನೆಯ ಜೊತೆ ತೂಗಿ ನೋಡಿ.

ಹೆಚ್ಚು ಜನ ಎಡವುವುದು ಪಿಎಫ್‌ನಲ್ಲಿ. ನಮ್ಮ ಕಡೆ ಮಾರ್ಕ್ಸ್ ಕಾರ್ಡಿನಲ್ಲಿ 'ಶರಣಬಸಪ್ಪ', ಆಧಾರಿನಲ್ಲಿ 'ಶರಣಬಸವ', ಒಂದರಲ್ಲಿ ಅಪ್ಪನ ಹೆಸರಿದೆ, ಇನ್ನೊಂದರಲ್ಲಿಲ್ಲ. ಹೆಸರೋ ಹುಟ್ಟಿದ ದಿನವೋ ಹೊಂದದಿದ್ದರೆ ಹಳೆಯ ಹಣ ಹೊಸ ಖಾತೆಗೆ ಹೋಗುವಾಗ ಸಿಕ್ಕಿಬೀಳುತ್ತದೆ. ಯುಎಎನ್ (ನಿಮ್ಮ ಪಿಎಫ್ ನಂಬರ್) ಹಳೆಯದಾದರೆ ತಿದ್ದುಪಡಿಗೆ ಕಂಪನಿಯ ಒಪ್ಪಿಗೆಯೂ ಬೇಕು. ಬಿಟ್ಟು ಹೋದವನ ಫೋನನ್ನು ಎಚ್‌ಆರ್ ಎತ್ತುವುದು ಅಪರೂಪ. ಕುರ್ಚಿಯಲ್ಲಿ ಕೂತಿರುವಾಗಲೇ ಮುಗಿಸಿಕೊಳ್ಳಿ. ಮೂರು ತಿಂಗಳ ಪಗಾರ ಚೀಟಿ, ಫಾರ್ಮ್ 16 (ಪಗಾರದಲ್ಲಿ ಹಿಡಿದ ತೆರಿಗೆಯ ಪತ್ರ) ಸ್ವಂತ ಮೇಲ್‌ಗೆ ಇಳಿಸಿಕೊಳ್ಳಿ. ಆಫೀಸಿನ ಬೇರೆ ಯಾವ ಫೈಲನ್ನೂ ಮುಟ್ಟಬೇಡಿ.

ಬೆಂಗಳೂರಿನಲ್ಲಿ ಸಂದರ್ಶನವೆಂದರೆ ರಾತ್ರಿ ಗಾಡಿಯಲ್ಲಿ ಹೋಗಿ ಮರುರಾತ್ರಿ ವಾಪಸ್. ಒಂದು ಸಿಎಲ್ (ಸಾಂದರ್ಭಿಕ ರಜೆ) ಸಾಕು. ಮೊದಲ ಸುತ್ತು ಫೋನಿನಲ್ಲೇ ಮುಗಿಸಲು ಕೇಳಿದರೆ ಆ ರಜೆಯೂ ಉಳಿಯುತ್ತದೆ. ರಜೆ ಅರ್ಜಿಯಲ್ಲಿ ಅಜ್ಜಿಯನ್ನು ಸಾಯಿಸಬೇಡಿ, "ಸ್ವಂತ ಕೆಲಸ" ಎಂದಷ್ಟೇ ಬರೆದರಾಯಿತು. ಬರೀ "ಸೆಲೆಕ್ಟ್ ಆಗಿದ್ದೀರಿ" ಎಂಬ ಫೋನ್ ಬಂದರೆ ಸಾಲದು. ಪಗಾರ, ಊರು, ಸೇರುವ ತಾರೀಖು ಬರೆದ ಆಫರ್ ಲೆಟರ್ ಬರುವ ತನಕ ರಾಜೀನಾಮೆ ಡ್ರಾಫ್ಟ್‌ನಲ್ಲೇ ಇರಲಿ.

ಬಯೋಡಾಟಾ ಝೆರಾಕ್ಸಿಗೆ ಸೂಪರ್ ಮಾರ್ಕೆಟ್ ಬಜಾರಿಗೆ ಹೋಗುವವರಿಗೊಂದು ಮಾತು: ಕಲಬುರಗಿ ಸಣ್ಣ ಊರು. ಮಷೀನಿನಲ್ಲಿ ಮರೆತ ಒಂದು ಹಾಳೆ ಸೋಮವಾರ ನಿಮಗಿಂತ ಮೊದಲು ಆಫೀಸು ಮುಟ್ಟುತ್ತದೆ.