ಐದನೆಯ ನೀರು

ಕಾಪರ್ ಸಲ್ಫೇಟಿಗೆ ನಮ್ಮ ಮನೆಯಲ್ಲಿ ಮೈಲುತುತ್ತ ಎಂದೇ ಹೆಸರು. ಮಳೆಗಾಲ ಹತ್ತಿರ ಬಂತೆಂದರೆ ಅಪ್ಪ ಶಿರಸಿ ಪೇಟೆಯಿಂದ ಚೀಲ ತರುತ್ತಿದ್ದ. ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು. ಕದಡಿದ ಮೇಲೆ ಚೆನ್ನಾಗಿ ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ನೋಡುವುದು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ "ಸುಣ್ಣ ಸಾಲ್ತಿಲ್ಲೆ" ಎಂದು ಇನ್ನಷ್ಟು ಸುಣ್ಣದ ನೀರು ಹೊಯ್ಯುವುದು.

ಹಾಗಾಗಿ ಪಿಯುಸಿ ಲ್ಯಾಬಿನಲ್ಲಿ ಕಾಪರ್ ಸಲ್ಫೇಟ್ ಬಾಟಲಿ ಕಂಡಾಗ ನನಗೆ ಸಣ್ಣ ಜಂಬ. ಒಣ ಹರಳನ್ನು ಪ್ರನಾಳದಲ್ಲಿ ಹಾಕಿ ಕಾಯಿಸಬೇಕಿತ್ತು. ಬಾಯಿ ಸ್ವಲ್ಪ ಕೆಳಗೆ ಬಾಗಿಸಿ ಹಿಡಿಯಿರಿ ಎಂದಿದ್ದರು ಸರ್. ನಾನು ಮೇಲೆ ಮಾಡಿ ಹಿಡಿದೆ. ಮೇಲೆ ಕಟ್ಟಿದ ಹನಿಗಳು ಕಾದ ತಳಕ್ಕೆ ಇಳಿದು, ಚಟ್ ಎಂದು ಪ್ರನಾಳ ಸೀಳಿತು. ಮೇಜಿನ ಮೇಲೆ ವಿಭೂತಿಯಂಥ ಬಿಳಿ ಪುಡಿ.

ಸರ್ ಬೈಯಲಿಲ್ಲ. "ಹರಳು ಒಣಗೇ ಇತ್ತಲ್ಲ ತಮಾ, ನೀರು ಎಲ್ಲಿಂದ ಬಂತು?" ಎಂದರು. ಪುಡಿ ಆರಿದ ಮೇಲೆ ವಾಚ್ ಗ್ಲಾಸಿಗೆ ಹಾಕಿ ಒಂದು ಹನಿ ನೀರು ಬಿಟ್ಟರು. ನೀಲಿ ಮರಳಿತು. ಗಾಜಿನ ತಳ ಮುಟ್ಟಿ ನೋಡು ಎಂದರು, ಬೆಚ್ಚಗಿತ್ತು.

ಮರುದಿನದ ಇಡೀ ಪಿರಿಯಡ್ ಈ ಒಂದೇ ಉಪ್ಪಿಗೆ. ತಾಮ್ರದ ಅಯಾನು, ಅಂದರೆ ವಿದ್ಯುದಂಶ ಹೊತ್ತ ಕಣ, ಧನ; ಸಲ್ಫೇಟು ಋಣ; ಅವೆರಡರ ನಡುವೆ ಅಯಾನಿಕ ಸೆಳೆತ. ಸಲ್ಫೇಟಿನ ಒಳಗೂ ನೀರಿನ ಅಣುವಿನ ಒಳಗೂ ಎಲೆಕ್ಟ್ರಾನ್ ಹಂಚಿಕೊಂಡ ಸಹವೇಲೆನ್ಸೀಯ ಬಂಧ. ಹರಳಿನಲ್ಲಿ ಒಂದೊಂದು ತಾಮ್ರಕ್ಕೆ ಐದೈದು ನೀರಿನ ಅಣು. ನಾಲ್ಕು ನೀರು ತಮ್ಮ ಆಕ್ಸಿಜನ್ನಿನ ಜೋಡಿ ಎಲೆಕ್ಟ್ರಾನ್ ಕೊಟ್ಟು ತಾಮ್ರದ ನಾಲ್ಕು ಮಗ್ಗುಲಿಗೆ ಕೂತಿವೆ, ಅದು ಕೋಆರ್ಡಿನೇಟ್ ಬಂಧ; ಮೇಲೆ ಕೆಳಗೆ, ತುಸು ದೂರದಲ್ಲಿ, ಸಲ್ಫೇಟಿನ ಆಕ್ಸಿಜನ್. ಐದನೆಯ ನೀರು ತಾಮ್ರವನ್ನು ಮುಟ್ಟಿಯೇ ಇಲ್ಲ. ಅತ್ತ ತಾಮ್ರದ ನೀರು, ಇತ್ತ ಸಲ್ಫೇಟು, ಎರಡಕ್ಕೂ ಹೈಡ್ರೋಜನ್ ಬಂಧ ಎಂಬ ಸಡಿಲ ಸೆಳೆತದಿಂದ ತಗುಲಿಕೊಂಡಿದೆ. ಅಡಿಗೆ ಉಪ್ಪಿನ ಹರಳಿನಲ್ಲಿ ಈ ಸಂಸಾರವೇ ಇಲ್ಲ ಎಂದು ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನಾಗರವನ್ನೂ ನಡುವೆ ಎಳೆದು ತಂದರು.

ತುತ್ತದ ತೂಕದಲ್ಲಿ ನೂರಕ್ಕೆ 36 ಪಾಲು ನೀರು ಎಂದೂ ಲೆಕ್ಕ ತೋರಿಸಿದರು. ಸಂಜೆ ಅಪ್ಪನಿಗೆ ಹೇಳಿದೆ: ಕಿಲೋ ತುತ್ತದಲ್ಲಿ 360 ಗ್ರಾಂ ನೀರು. "ಹಂಗಾರೆ ನೀರಿಗೂ ದುಡ್ಡು ಕೊಟ್ಟಂಗಾತು" ಎಂದ ಅಪ್ಪ, ಅಂಗಡಿಯವನ ಮೇಲೇ ಸಂಶಯಪಟ್ಟ.

ಕಾಯಿಸಿದರೆ ಮೊದಲು ಯಾವ ನೀರು ಹೋಗುತ್ತದೆ? ಪರೀಕ್ಷೆಯಲ್ಲಿ ಐದನೆಯದು ಎಂದು ಬರೆದೆ. ಹೈಡ್ರೋಜನ್ ಬಂಧ ದುರ್ಬಲವಲ್ಲವೇ! ಕೆಂಪು ಗೀಟು ಬಿತ್ತು. ನಾಲ್ಕು ಅಣು ನೂರು ಡಿಗ್ರಿಯ ಆಸುಪಾಸಿನಲ್ಲೇ ಹೋಗುತ್ತವೆ, ಕೊನೆಯದಕ್ಕೆ 200 ದಾಟಬೇಕು, ಅದೇ ಐದನೆಯದು ಎಂದರು ಸರ್.

ಎಂಎಸ್ಸಿಯಲ್ಲಿ ತಿಳಿದದ್ದು ಬೇರೆ. ನೀರು ಹೋದಂತೆ ಹರಳಿನ ಕಟ್ಟೋಣವೇ ಬದಲಾಗುತ್ತದೆ. ಒಂದೇ ನೀರು ಉಳಿದ ಉಪ್ಪಿನಲ್ಲಿ ಆ ನೀರು ತಾಮ್ರಕ್ಕೇ ಅಂಟಿಕೊಂಡಿರುತ್ತದೆ, ಎರಡೆರಡು ತಾಮ್ರಕ್ಕೆ ಸೇತುವೆಯಾಗಿ. ನನ್ನ ಉತ್ತರ ತಪ್ಪೇ. ಸರ್ ಹೇಳಿದ್ದೂ ಪೂರ್ತಿ ಸರಿಯಲ್ಲ.

ನಿವೃತ್ತರಾದ ಸರ್ ಒಂದು ಮದುವೆ ಮನೆಯಲ್ಲಿ ಸಿಕ್ಕಾಗ ಅಳುಕುತ್ತಲೇ ಹೇಳಿದೆ. ಎಲೆಯಡಿಕೆ ಬಾಯಲ್ಲಿಟ್ಟುಕೊಂಡೇ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕಿಸೆಯಿಂದ ಪೆನ್ನು ತೆಗೆದು, ಕೈಯಲ್ಲಿದ್ದ ಲಗ್ನಪತ್ರಿಕೆ ಬೆನ್ನು ಮಗುಚಿ ನನ್ನ ಮುಂದಿಟ್ಟರು. "ಎಲ್ಲಿ, ಬರೆದು ತೋರಿಸು ತಮಾ."