ಲೆಮೂರಿನ ವಂಶಾವಳಿ ಮತ್ತು ನಮ್ಮ ಕರಿಕಲ್ಲು

ಶಹಾಬಾದಿನಲ್ಲಿ ನಮ್ಮದು ಫರಸಿ ಕಲ್ಲಿನ ವ್ಯಾಪಾರ. ಅಣ್ಣನ ಮಗಳು ನೀಟ್ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳ ಪುಸ್ತಕ ಅವಳಿಗಿಂತ ಜಾಸ್ತಿ ನಾನೇ ಓದುತ್ತೇನೆ ಅಂತ ಮನೆಯಲ್ಲಿ ನಗುತ್ತಾರೆ. ಸದ್ಯಕ್ಕೆ ತಲೆಗೆ ಹತ್ತಿರುವುದು ಆಫ್ರಿಕಾ ಪಕ್ಕದ ದ್ವೀಪ ಮಡಗಾಸ್ಕರಿನ ಪ್ರಾಣಿ ಲೆಮೂರ್.

"ಕಾಕಾ, ಅದು ಮಂಗ್ಯಾನೇ ಅಲ್ವಾ?" ಅಂದಳು.

ಅಲ್ಲ. ನಮ್ಮ ತಗಡಿನ ಮೇಲೆ ಧಡಧಡ ಓಡುವ ಕರಿಮುಖದ ಮುಸ್ಯಾ ಲೆಮೂರಿಗಿಂತ ನಮಗೇ ಹತ್ತಿರದ ಸಂಬಂಧ. ಪ್ರೈಮೇಟ್‌ಗಳ ಮನೆತನ ಬಹಳ ಹಿಂದೆಯೇ ಎರಡು ಪಾಲಾಯಿತು. ಒಂದು ಪಾಲಿಗೆ ಮಂಗ, ಚಿಂಪಾಂಜಿ, ನಾವು. ಇನ್ನೊಂದಕ್ಕೆ ಲೆಮೂರ್, ಆಫ್ರಿಕಾದ ಗಲಾಗೊ, ಮತ್ತೆ ತುಮಕೂರು ಕಡೆ ರಾತ್ರಿ ಮರದಲ್ಲಿ ಓಡಾಡುವ ಕಾಡುಪಾಪ. ಈ ಪಾಲಿನವರದು ಒದ್ದೆ ಮೂಗು. ಹೆಚ್ಚಿನವುಗಳ ಕೆಳಗಿನ ಮುಂದಿನ ಹಲ್ಲುಗಳು ಮುಂದಕ್ಕೆ ಚಾಚಿಕೊಂಡಿರುತ್ತವೆ, ಅವುಗಳಿಂದಲೇ ಮೈಕೂದಲು ಬಾಚಿಕೊಳ್ಳುತ್ತವೆ. 1758ರಲ್ಲಿ, ಪ್ರಾಣಿಗಳಿಗೆ ಹೆಸರಿಟ್ಟು ಪಟ್ಟಿ ಮಾಡಿದ ಲಿನೇಯಸ್ ಕಾಡುಪಾಪವನ್ನೂ ಲೆಮೂರ್ ಹೆಸರಿನಡಿಯೇ ಬರೆದಿದ್ದ. ಜೊತೆಗೆ ಮರದಿಂದ ಮರಕ್ಕೆ ತೇಲುವ ಕೊಲುಗೊ ಎಂಬ ಪ್ರಾಣಿಯನ್ನೂ ಸೇರಿಸಿದ್ದ, ಅದು ಪ್ರೈಮೇಟೇ ಅಲ್ಲ!

ಕಲ್ಲಿನವನಾದ ನನಗೆ ಹಿಡಿಸಿದ್ದು ಬೇರೆ ಸಂಗತಿ. ಲೆಮೂರ್ ಅಲ್ಲಿ, ಅದರ ನೆಂಟರು ಇಲ್ಲಿ, ನಡುವೆ ಸಮುದ್ರ. ಹೇಗೆ? 1864ರಲ್ಲಿ ಫಿಲಿಪ್ ಸ್ಕ್ಲೇಟರ್ ಎಂಬ ಪ್ರಾಣಿಶಾಸ್ತ್ರಜ್ಞ, ನಡುವೆ ಒಂದು ಖಂಡ ಇದ್ದಿರಬೇಕು ಅಂತ ಊಹಿಸಿ ಅದಕ್ಕೆ ಲೆಮೂರಿಯಾ ಅಂತ ಹೆಸರಿಟ್ಟ. ಆ ಮುಳುಗಿದ ಖಂಡ ಇವತ್ತಿಗೂ ವಾಟ್ಸಾಪಿನಲ್ಲಿ ತೇಲುತ್ತಿರುತ್ತದೆ. ಅಂಥ ಖಂಡ ಇರಲೇ ಇಲ್ಲ. ಆದರೆ ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದದ್ದು ನಿಜ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಬೇರೆಯಾದವು. ಆಮೇಲೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಇಲ್ಲಿ ಲಾವಾ ಹರಿಯಿತು. ಅದು ಆರಿ ಆದ ಕರಿಕಲ್ಲು ಸವೆದೇ ಆಳಂದ ಕಡೆಯ ಎರೆ ಭೂಮಿ, ನಮ್ಮ ತೊಗರಿ.

ಲೆಮೂರಿನ ಪೂರ್ವಜರು ಮಡಗಾಸ್ಕರ್ ಮುಟ್ಟುವ ಹೊತ್ತಿಗೆ ನಮ್ಮ ನೆಲ ಅಲ್ಲಿಂದ ಯಾವಾಗಲೋ ಹೊರಟುಹೋಗಿತ್ತು. ಅವು ಬಂದದ್ದು ಆಫ್ರಿಕಾದಿಂದ. ಪ್ರವಾಹದಲ್ಲಿ ಕಿತ್ತುಬಂದ ಮರಗಿಡಗಳ ರಾಶಿಯ ಮೇಲೆ ಕೂತು ತೇಲಿ ಬಂದಿರಬೇಕು ಎನ್ನುತ್ತಾರೆ. ಈಗ ಆ ಕಡಲು ತೀರ ಕಿರಿದಾದ ಕಡೆಯೂ ಸುಮಾರು 400 ಕಿ.ಮೀ. ಅಗಲ. ಮಂಗಗಳಿಗೆ ಈ ದಾರಿ ಒಲಿಯಲಿಲ್ಲ.

ಇಷ್ಟಕ್ಕೆ ಮುಗಿಯಿತು ಅಂದುಕೊಂಡರೆ ಆಯ್-ಆಯ್ ಎಂಬ ವಿಚಿತ್ರ ಲೆಮೂರ್ ಇದೆ. ಬೆಳೆಯುತ್ತಲೇ ಇರುವ ಮುಂದಿನ ಹಲ್ಲು, ಕಡ್ಡಿಯಷ್ಟು ತೆಳ್ಳಗಿನ ನಡುಬೆರಳು. 1788ರಲ್ಲಿ ಗ್ಮೆಲಿನ್ ಎಂಬ ವಿಜ್ಞಾನಿ ಇದನ್ನು ಅಳಿಲು ಅಂತಲೇ ಬರೆದ. 1860ರ ದಶಕದಲ್ಲಿ ಅಂಗರಚನೆಯ ತಜ್ಞ ರಿಚರ್ಡ್ ಓವನ್ ಮೈಯೆಲ್ಲ ಬಿಡಿಸಿ ನೋಡಿ ಪ್ರೈಮೇಟ್ ಎಂದು ಖಚಿತ ಮಾಡಿದ. ಈಗ ಬದುಕಿರುವ ಲೆಮೂರುಗಳ 5 ಕುಟುಂಬಗಳಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದದ್ದು ಇದೇ. ಕೆನ್ಯಾದಲ್ಲಿ ಸಿಕ್ಕ ಪ್ರೊಪೊಟ್ಟೊ ಎಂಬ ಪಳೆಯುಳಿಕೆಯನ್ನು ಮೊದಲು ಕಾಡುಪಾಪದ ನೆಂಟ ಅಂದರು, ಆಮೇಲೆ ಬಾವಲಿ ಅಂದರು. 2018ರಲ್ಲಿ ದವಡೆ ಮತ್ತೆ ನೋಡಿದವರು ಅದು ಆಯ್-ಆಯ್ ಕಡೆಯದು ಅಂದರು. ಹಾಗಿದ್ದರೆ ಆ ಕವಲು ಆಫ್ರಿಕಾದಲ್ಲೇ ಒಡೆದಿತ್ತು, ಆಯ್-ಆಯ್ ಒಂದು ಸಲ, ಉಳಿದವು ಇನ್ನೊಂದು ಸಲ ಕಡಲು ದಾಟಿರಬೇಕು. ನನಗಂತೂ ಇದು ಭಾರೀ ಖುಷಿ ಕೊಟ್ಟಿತು.

ಪ್ರಭೇದಗಳ ಲೆಕ್ಕ ಮಾತ್ರ ಇನ್ನೂ ಜಗಳದಲ್ಲಿದೆ. ಒಟ್ಟು 100 ದಾಟಿವೆ. ಅಂಗೈಯಲ್ಲಿ ಕೂರುವ ಇಲಿ ಲೆಮೂರುಗಳು ಕೆಲವು ದಶಕಗಳ ಹಿಂದೆ 2 ಪ್ರಭೇದ ಮಾತ್ರ ಇದ್ದವು, ಡಿಎನ್ಎ ನೋಡುತ್ತಾ ನೋಡುತ್ತಾ ಆ ಪಟ್ಟಿ 20ರ ಆಚೆ ಹೋಯಿತು. ಅತಿಯಾಗಿ ಒಡೆದಿದ್ದೀರಿ ಅಂತ ಕೆಲವು ವಿಜ್ಞಾನಿಗಳು ಗೊಣಗುತ್ತಾರೆ. ನನ್ನ ಓಟು ಅವರಿಗೇ.